ಮೆಲ್ಲಗೆ ಇಳಿಸೋಣ, ಇಳಿಸಿದ್ದನ್ನು ಉಳಿಸೋಣ

(ನಮ್ಮ ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತುಗಳ ಬರಹ ರೂಪ)



ನನಗೆ ಏನಾದರೂ ಮಾತಾಡು ಅಂತ ಹೇಳಿದಾಗ, ಮೈ ತೂಕ ಇಳಿಸುವ ಬಗ್ಗೆ ಮಾತಾಡ್ತೀನಿ ಅಂದೆ. ಕಮಿಟಿಯಲ್ಲಿ ಎಲ್ಲರೂ ನಕ್ಕರು. "ಅದು ಬೆಂಗಳೂರಿನ ಜಿಮ್ಮಿಗೆ ಹೋಗೋರ ವಿಷಯ ಕಣಮ್ಮ, ಸ್ಕಾಲರ್‌ಶಿಪ್ ಬಗ್ಗೆ ಮಾತಾಡು, ಪಟ್ಟಾ ಬಗ್ಗೆ ಮಾತಾಡು, ತೂಕ ನಮಗ್ಯಾಕೆ?" ಅಂತ ಒಬ್ಬ ಅಣ್ಣ ಕೇಳಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಎರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ಆ "ನಮಗ್ಯಾಕೆ" ಅನ್ನೋದಕ್ಕೆ ಉತ್ತರ ಹೇಳೋಕೇ ಇವತ್ತು ನಿಂತಿದ್ದೀನಿ.

ನಮ್ಮ ಅಜ್ಜಿ ಸೂಳಗಿರಿ ಕಡೆ ಹೊಲಗಳಲ್ಲಿ ಕೂಲಿ ಮಾಡಿದವರು. ಬೆಳಗ್ಗೆ ಅಂಬಲಿ ಕುಡಿದು ಹೋದರೆ ಮತ್ತೆ ಹೊಟ್ಟೆಗೆ ಬೀಳೋದು ಹೊತ್ತು ಮುಳುಗಿದ ಮೇಲೆ. ಅನ್ನ ಅಂದರೆ ಹಬ್ಬ. ಅದಕ್ಕೇ ನಮ್ಮ ಕೇರಿಯಲ್ಲಿ ಯಾರಾದರೂ ಮೈ ಕೈ ತುಂಬಿಕೊಂಡರೆ "ಈಗ ನೋಡೋಕೆ ಚೆನ್ನಾಗಿದ್ದೀಯ" ಅಂತಾರೆ. ಮದುವೆಯಾದ ಮೇಲೆ ಗಂಡಿಗೆ ಹೊಟ್ಟೆ ಬಂದರೆ ಹೆಂಡತಿ ಚೆನ್ನಾಗಿ ನೋಡಿಕೊಳ್ತಾಳೆ ಅಂತ ಲೆಕ್ಕ. ಹಸಿದವರ ಮನೆಯಲ್ಲಿ ಹೊಟ್ಟೆ ಬರೋದು ಸುಖದ ಗುರುತು. ಅದನ್ನು ಹಾಸ್ಯ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಕಾಲ ಬದಲಾಗಿದೆ. 1970ರ ದಶಕದಲ್ಲಿ ಹೊಸೂರಿಗೆ ಸಿಪ್‌ಕಾಟ್ ಬಂತು. ಈಗ ನಮ್ಮ ಬೀದಿಯ ಹುಡುಗರು ಹುಡುಗಿಯರು ಕಂಪನಿ ಬಸ್ಸಿನಲ್ಲಿ ಹೋಗಿ, ಲೈನಿನಲ್ಲಿ ಒಂದೇ ಕಡೆ ಎಂಟು ಗಂಟೆ ನಿಂತೋ ಕೂತೋ ಕೆಲಸ ಮಾಡಿ, ಅದೇ ಬಸ್ಸಿನಲ್ಲಿ ವಾಪಸ್ ಬರ್ತಾರೆ. ಅಜ್ಜಿ ಗುದ್ದಲಿ ಹಿಡಿದು ದಿನವಿಡೀ ಬಗ್ಗಿ ಎದ್ದು ಮಾಡಿದ ಕೆಲಸ ಇದಲ್ಲ. 2011ರ ಜೂನ್‌ನಿಂದ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ ಸಿಗ್ತಾ ಇದೆ, ಪಾಮಾಯಿಲ್ ಲೀಟರಿಗೆ 25 ರೂಪಾಯಿ. ಆ ಅಕ್ಕಿ ನಮ್ಮ ಹಸಿವು ಕಳೆದಿದೆ, ಅದನ್ನು ನಾನು ಬೈಯೋದಿಲ್ಲ. ಆದರೆ ಮೂರು ಹೊತ್ತೂ ಅದೇ ಆಗಿಬಿಟ್ಟಿದೆ. ಬೆಳಗ್ಗೆ ಇಡ್ಲಿ ಇಲ್ಲ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಉಳಿದ ಅನ್ನ. ಸಂಜೆ ಬಜ್ಜಿ, ಭಾನುವಾರ ಪರೋಟ ಸಾಲ್ನಾ. ಕೆಲಸ ಕಡಿಮೆಯಾಯ್ತು, ತಟ್ಟೆ ಮಾತ್ರ ಕೂಲಿಯವರ ತಟ್ಟೆಯಾಗೇ ಉಳೀತು.

ಇದು ನಮ್ಮ ಬೀದಿ ಒಂದರ ಕತೆ ಅಲ್ಲ. ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ತಮಿಳುನಾಡಿನ ಹೆಂಗಸರಲ್ಲಿ ನೂರಕ್ಕೆ 31 ಜನ ತೂಕ ಹೆಚ್ಚಿದ್ದವರು. 2019-21ರಲ್ಲಿ ಅದು 40 ಆಯ್ತು. ಗಂಡಸರಲ್ಲಿ 28 ಇದ್ದದ್ದು 37 ಆಯ್ತು. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆಯೂ ಇದೆ. ಅಂದರೆ ಮೈ ತುಂಬಿದೆ, ರಕ್ತ ತುಂಬಿಲ್ಲ. ಹೊಟ್ಟೆ ಬಂದಿದೆ ಅಂದಮಾತ್ರಕ್ಕೆ ಪುಷ್ಟಿ ಬಂದಿದೆ ಅಂತ ಅಲ್ಲ.

ಇನ್ನೊಂದು ವಿಷಯ. ಪುಣೆಯಲ್ಲಿ ಡಾ. ಯಾಜ್ಞಿಕ್ ಅಂತ ಒಬ್ಬ ವೈದ್ಯರು ಆ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದರು. ನಮ್ಮ ಕೂಸುಗಳ ತೂಕ ಬಹಳ ಕಡಿಮೆ, ಮಾಂಸಖಂಡ ಕಡಿಮೆ. ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನೋಡೋಕೆ ಸಣ್ಣ, ಒಳಗೆ ಕೊಬ್ಬು. ಇಂಥ ಮೈಗೆ ಮುಂದೆ ಸ್ವಲ್ಪ ತೂಕ ಏರಿದರೂ ಸಕ್ಕರೆ ಕಾಯಿಲೆ ಬೇಗ ಹತ್ತುತ್ತೆ ಅಂತ ವೈದ್ಯರು ಹೇಳ್ತಾರೆ. ಇದನ್ನು ಓದಿದಾಗ ನನಗೆ ಅಜ್ಜಿಯ ನೆನಪು ಬಂತು. ಹೊಟ್ಟೆಗಿಲ್ಲದ ತಾಯಂದಿರು ಹೆತ್ತ ಮಕ್ಕಳ ವಂಶ ನಮ್ಮದು. ಅವರ ಹಸಿವಿನ ಸಾಲವನ್ನು ನಾವು ಇನ್ನೂ ತೀರಿಸ್ತಾ ಇದ್ದೀವಿ ಅನ್ನಿಸ್ತು.

ಈ ಕಾರಣಕ್ಕೇ ನಮ್ಮ ದೇಶದವರಿಗೆ ಅಳತೆಯೂ ಬೇರೆ. ಹೊಕ್ಕುಳ ಮಟ್ಟದಲ್ಲಿ ಟೈಲರ್ ಟೇಪು ಹಿಡಿದರೆ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು, ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು. ಅದರೊಳಗೆ ಇರಬೇಕು. ಹೊಟ್ಟೆ ಒಳಕ್ಕೆ ಎಳೆದುಕೊಂಡು ಅಳೆಯಬೇಡಿ, ಮೋಸ ಹೋಗೋದು ನೀವೇ.

ಈಗ ನಮ್ಮ ಮನೆ ಕತೆ. 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಮುಖ್ಯಮಂತ್ರಿ ಸ್ಟಾಲಿನ್ ಅವರು "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ ಶುರು ಮಾಡಿದರು. ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ಪರೀಕ್ಷೆ ಮಾಡೋದು, ಮಾತ್ರೆ ಕೊಡೋದು. ಮಾರನೆ ವರ್ಷ ನಮ್ಮ ಬೀದಿಗೆ ಬಂದ ಅಕ್ಕ, ಅಮ್ಮನ ಬೆರಳು ಚುಚ್ಚಿ ನೋಡಿದರು. ಅಮ್ಮನಿಗೆ ಆಗ 41 ವಯಸ್ಸು. ಸಕ್ಕರೆ ಇತ್ತು, ಬಿ.ಪಿ.ಯೂ ಇತ್ತು. "ನನಗೇನೂ ನೋವೇ ಇಲ್ಲವಲ್ಲ" ಅಂತ ಅಮ್ಮ ಹೇಳ್ತಾನೇ ಇದ್ದರು. ಈ ಕಾಯಿಲೆ ಶುರುವಿನಲ್ಲಿ ನೋಯೋದಿಲ್ಲ. ಕಾಲಿನ ಗಾಯ ಮಾಯದೆ ಇದ್ದಾಗ, ಕಣ್ಣು ಮಂಜಾದಾಗ ಗೊತ್ತಾಗುತ್ತೆ. ಅಷ್ಟು ಹೊತ್ತಿಗೆ ತಡ ಆಗಿರುತ್ತೆ. ಉಳ್ಳವರ ಮನೆಯಲ್ಲಿ ಈ ಕಾಯಿಲೆ ಬಂದರೆ ಒಬ್ಬರು ಆಸ್ಪತ್ರೆಗೆ ಹೋಗ್ತಾರೆ. ನಮ್ಮ ಮನೆಯಲ್ಲಿ ಬಂದರೆ ಒಬ್ಬರ ಕೂಲಿ ಹೋಗುತ್ತೆ, ಇನ್ನೊಬ್ಬರ ಓದು ನಿಲ್ಲುತ್ತೆ. ತೂಕ ನಮಗ್ಯಾಕೆ ಅನ್ನೋದಕ್ಕೆ ನನ್ನ ಉತ್ತರ ಇದೇ.

ಆವತ್ತು ಆ ಅಕ್ಕ ನನ್ನನ್ನೂ ತೂಕ ನೋಡಿದರು. 157 ಸೆಂಟಿಮೀಟರ್ ಎತ್ತರಕ್ಕೆ 72 ಕಿಲೋ. ಪುಸ್ತಕದ ಲೆಕ್ಕದಲ್ಲಿ ನಾನು 57ರೊಳಗೆ ಇರಬೇಕು. ನನಗೆ ಅಳು ಬಂತು. ಆಮೇಲೆ ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ.

ಮೊದಲ ತಪ್ಪು ಪುಡಿ. ಗುರುತಿನವರೊಬ್ಬರು ಡಬ್ಬಿ ತಂದು ತೋರಿಸಿ, ರಾತ್ರಿ ಊಟದ ಬದಲು ಇದನ್ನು ಕಲಸಿ ಕುಡಿ, ತಿಂಗಳಿಗೆ ಆರು ಕಿಲೋ ಗ್ಯಾರಂಟಿ ಅಂದರು. ಅಮ್ಮ ಸ್ವಸಹಾಯ ಗುಂಪಿನಲ್ಲಿ ಸಾಲ ಎತ್ತಿ ಕೊಟ್ಟರು. ಒಂದು ಡಬ್ಬಿಗೆ ಸ್ವಲ್ಪ ಇಳಿದೆ. ಎರಡನೆಯ ಡಬ್ಬಿಗೆ ದುಡ್ಡಿರಲಿಲ್ಲ, ನಿಲ್ಲಿಸಿದೆ, ಇಳಿದಿದ್ದೆಲ್ಲ ಮತ್ತೆ ಏರಿತು. ಸಾಲ ಮಾತ್ರ ಎಂಟು ತಿಂಗಳು ಇಳಿಯಲಿಲ್ಲ.

ಎರಡನೆಯ ತಪ್ಪು ಉಪವಾಸ. ಬೆಳಗ್ಗೆ ಬರೀ ಕಾಫಿ, ಮಧ್ಯಾಹ್ನ ಎರಡು ಸೌತೆಕಾಯಿ. ಹತ್ತನೆಯ ದಿನ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಮನೆಗೆ ಬಂದು ಆರು ಬೋಂಡ ತಿಂದೆ. ಅಜ್ಜಿ ನೋಡಿ ಒಂದೇ ಮಾತು ಹೇಳಿದರು: "ನಾವು ಇಲ್ಲದೆ ಹಸ್ಕೊಂಡಿದ್ವಿ, ನೀನು ಇದ್ದು ಹಸ್ಕೊಂಡಿದ್ದೀಯ." ಆವತ್ತಿಗೆ ಉಪವಾಸ ಬಿಟ್ಟೆ.

ಆಮೇಲೆ ನಾನು ಹಿಡಿದ ದಾರಿ ಬಹಳ ಸಣ್ಣದು. ಒಂದು ಸಲಕ್ಕೆ ಒಂದೇ ಬದಲಾವಣೆ. ಜೀವನಪೂರ್ತಿ ಮಾಡೋಕೆ ಆಗುತ್ತಾ ಅಂತ ನನ್ನನ್ನೇ ಕೇಳಿಕೊಳ್ಳೋದು. ಆಗಲ್ಲ ಅಂದರೆ ಅದನ್ನು ಶುರುವೇ ಮಾಡೋದಿಲ್ಲ. ಅದು ಅಭ್ಯಾಸ ಆದಮೇಲೇ ಮುಂದಿನದು.

ಮೊದಲನೆಯದು ಟೀ. ನಾನು ದಿನಕ್ಕೆ ನಾಲ್ಕು ಟೀ ಕುಡೀತಿದ್ದೆ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ ಸುಮಾರು 40 ಗ್ರಾಂ. ತಿಂಗಳಿಗೆ ಲೆಕ್ಕ ಹಾಕಿ, 1 ಕಿಲೋ 200 ಗ್ರಾಂ ಸಕ್ಕರೆ, ಒಬ್ಬಳಿಗೆ, ಬರೀ ಟೀಯಲ್ಲಿ! ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಎರಡು ಚಮಚವನ್ನು ಒಂದೂವರೆ ಮಾಡಿದೆ. ಮೂರು ವಾರದ ಮೇಲೆ ಒಂದು. ಈಗ ಅರ್ಧ. ಹಳೆಯ ಟೀ ಕುಡಿದರೆ ಈಗ ಪಾಯಸ ಕುಡಿದ ಹಾಗೆ ಆಗುತ್ತೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಕೆಲವರು ಹೇಳ್ತಾರೆ. ತೂಕದ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೂ ಅಣ್ಣತಮ್ಮಂದಿರೇ.

ಎರಡನೆಯದು ತಟ್ಟೆ. ರಾಗಿ ತಿಂದರೆ ತಾನೇ ಇಳಿಯುತ್ತೆ ಅಂತ ನಂಬಬೇಡಿ. ರಾಗಿಗೂ ಅಕ್ಕಿಗೂ ಶಕ್ತಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದಕ್ಕೇ ಮುದ್ದೆ ಉಂಡರೆ ಹೊಟ್ಟೆ ಬೇಗ ತುಂಬುತ್ತೆ, ಹೊತ್ತು ತಡೆಯುತ್ತೆ. ತಮಿಳುನಾಡಿನಲ್ಲಿ ರಾಗಿ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದು ಮುಂದಿದೆ. ನಮ್ಮದೇ ಬೆಳೆಯನ್ನು ಬಡವರ ಊಟ ಅಂತ ನಾವೇ ಬಿಟ್ಟೆವು, ಈಗ ಅದು ಬೆಂಗಳೂರಿನ ಅಂಗಡಿಗಳಲ್ಲಿ ಬಿಸ್ಕತ್ತಾಗಿ ಮಾರಾಟ ಆಗ್ತಿದೆ. ನಮ್ಮ ಮನೆಯಲ್ಲಿ ಈಗ ರಾತ್ರಿ ಮುದ್ದೆ. ಅಜ್ಜಿ ಕಾಲದ ಗಾತ್ರ ಅಲ್ಲ, ನನ್ನ ಮುಷ್ಟಿಯ ಗಾತ್ರ, ಒಂದೇ. ಮಧ್ಯಾಹ್ನ ಅನ್ನ ಉಂಟು, ಎರಡನೆಯ ಸಲ ಬಡಿಸಿಕೊಳ್ಳೋದಿಲ್ಲ. ಎರಡನೆಯ ಸಲ ಬೇಕಾದರೆ ಪಲ್ಯ, ಕಾಳು.

ಪಲ್ಯ ಅಂದಾಗ ನೀವು ಕೇಳಬಹುದು, ತರಕಾರಿಗೆ ದುಡ್ಡು ಯಾರು ಕೊಡ್ತಾರೆ ಅಂತ. ಈ ಮಾತನ್ನು ನಾನು ಸುಮ್ಮನೆ ದಾಟಿ ಹೋಗಲ್ಲ. ಸೂಳಗಿರಿ ಕೊತ್ತಂಬರಿ, ಪುದೀನ, ರಾಯಕೋಟೆ ಟೊಮೇಟೊ, ಹೊಸೂರು ಸುತ್ತಿನ ಕೋಸು, ಹುರುಳಿಕಾಯಿ, ಇವನ್ನೆಲ್ಲ ಕಿತ್ತು ಕ್ರೇಟಿಗೆ ತುಂಬೋರು ನಮ್ಮ ತಾಯಂದಿರು. ಅದು ರಾತ್ರಿ ಲಾರಿ ಹತ್ತಿ ಹೋಗುತ್ತೆ. ನಮ್ಮ ತಟ್ಟೆಯಲ್ಲಿ ಸಾರಿನ ನೀರು. ಇದು ನ್ಯಾಯ ಅಲ್ಲ, ಇದನ್ನು ಕೇಳೋಕೂ ಸಂಘ ಬೇಕು. ಆದರೆ ಅಲ್ಲಿವರೆಗೆ ನಮ್ಮ ಕೈಯಲ್ಲಿ ಏನಿದೆ? ದಂಟು, ಅಣ್ಣೆ ಸೊಪ್ಪು, ನುಗ್ಗೆ ಸೊಪ್ಪು, ಹೊಲದ ಬದುವಿನ ಬೆರಕೆ ಸೊಪ್ಪು ಇನ್ನೂ ಇದೆ. ಹುರುಳಿಕಾಳು ನಮ್ಮ ಕಡೆಯದೇ. ರೇಷನ್ನಿನ ತೊಗರಿಬೇಳೆ ಇದೆ. ಮಸ್ಸೊಪ್ಪು, ಉಪ್ಪುಸಾರು, ಹುರುಳಿ ಸಾರು, ಇವನ್ನು ಡಯಟ್ ಅಂತ ಯಾರೂ ನಮಗೆ ಕಲಿಸಬೇಕಾಗಿಲ್ಲ. ಮರೆತದ್ದನ್ನು ನೆನಪು ಮಾಡಿಕೊಂಡರೆ ಸಾಕು.

ಮಾಂಸದ ಬಗ್ಗೆಯೂ ಒಂದು ಮಾತು. ನೀವು ಅದನ್ನೆಲ್ಲ ತಿಂತೀರ, ಅದಕ್ಕೇ ದಪ್ಪ ಆಗ್ತೀರ ಅಂತ ಕಾಲೇಜಿನಲ್ಲಿ ನನಗೆ ಒಬ್ಬಳು ಹೇಳಿದ್ದಳು. ತಿನ್ನೋದಕ್ಕೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಮಾಂಸ, ಮೊಟ್ಟೆ, ಮೀನಿನಲ್ಲಿ ಪ್ರೊಟೀನ್ ಇದೆ, ಅದು ಹೊಟ್ಟೆ ತಡೆಯುತ್ತೆ. ನೋಡಬೇಕಾದ್ದು ಎಣ್ಣೆಯನ್ನು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ಅದು ಪಾಮಾಯಿಲ್ ಆದರೂ ಕಡಲೆಕಾಯಿ ಎಣ್ಣೆ ಆದರೂ ಅಷ್ಟೇ. ನಮ್ಮಮ್ಮ ಈಗ ಬಾಟಲಿಯಿಂದ ಸೀದಾ ಬಾಣಲೆಗೆ ಸುರಿಯೋದಿಲ್ಲ, ಚಮಚದಲ್ಲಿ ಅಳೆದು ಹಾಕ್ತಾರೆ. ಸಾರು ಅದೇ ಸಾರು, ರುಚಿ ಅದೇ ರುಚಿ. ಬಾಟಲಿ ಮಾತ್ರ ಎಂಟು ದಿನ ಹೆಚ್ಚು ಬರುತ್ತೆ.

ಇನ್ನು ಅಣ್ಣಂದಿರಿಗೆ. ಬೇಜಾರು ಮಾಡ್ಕೋಬೇಡಿ. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್. ಬ್ರಾಂದಿಯಲ್ಲಿ 400ಕ್ಕೂ ಹೆಚ್ಚು ಕ್ಯಾಲೊರಿ ಇದೆ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಗಿಂತ ಅದು ಜಾಸ್ತಿ. ಜೊತೆಗೆ ಮಿಕ್ಸ್ಚರ್, ಆಮ್ಲೆಟ್, ಆಮೇಲೆ ಮನೆಯಲ್ಲಿ ಊಟ. ಹೊಟ್ಟೆ ಎಲ್ಲಿಂದ ಬಂತು ಅಂತ ಇನ್ನೂ ಹುಡುಕಬೇಕಾ? ರಾತ್ರಿ ಶಿಫ್ಟಿನವರು ಹೊರಡುವ ಮುಂಚೆ ಮನೆಯಲ್ಲೇ ಊಟ ಮಾಡಿ ಹೋಗಿ. ನಡುರಾತ್ರಿ ಹಸಿವಾದರೆ ಬೇಯಿಸಿದ ಕಡಲೆಕಾಯೋ ಮೊಟ್ಟೆಯೋ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಗಲಲ್ಲಿ ಕತ್ತಲೆ ಮಾಡಿಕೊಂಡು ನಿದ್ದೆ ಮಾಡಿ. ನಿದ್ದೆಗೆಟ್ಟವರಿಗೆ ಹಸಿವು ಜಾಸ್ತಿ.

ಮೂರನೆಯದು ನಡಿಗೆ. ಇದೇ ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ನಮ್ಮ ಬೀದಿಯಲ್ಲಿ ನಡೆಯೋಕೆ ಜಾಗ ಇಲ್ಲ. ಕೆರೆ ಏರಿಗೆ ಹೋಗಬೇಕಾದರೆ ಊರೊಳಗಿನ ದೊಡ್ಡ ರಸ್ತೆ ದಾಟಬೇಕು. ಮೊದಲ ದಿನ ನಾನು, ಅಮ್ಮ, ಪಕ್ಕದ ಮನೆ ಅಕ್ಕ ಮೂವರು ಹೊರಟಾಗ ಜಗಲಿ ಮೇಲೆ ಕೂತಿದ್ದವರು "ಇವರಿಗೂ ವಾಕಿಂಗ್ ಬಂತಾ" ಅಂದು ನಕ್ಕರು. ಅಮ್ಮ ವಾಪಸ್ ಹೋಗೋಣ ಅಂದರು. ಅಜ್ಜಿಗೆ ಹೇಳಿದಾಗ ಅವರು ನಗಲಿಲ್ಲ. ಅದೇ ರಸ್ತೆಯಲ್ಲಿ ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದವರು. "ಚಪ್ಪಲಿ ಹಾಕ್ಕೊಂಡು ಹೋಗಿ, ದಿನಾ ಹೋಗಿ" ಅಂದರು. ಮಾರನೆಯ ದಿನ ಐದು ಜನ ಹೋದೆವು. ಈಗ ಹನ್ನೊಂದು ಜನ. ಸಂಜೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಒಟ್ಟು 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕಡೇ ಪಕ್ಷ ಇಷ್ಟು ಬೇಕು ಅನ್ನುತ್ತೆ. ಈಗ ಯಾರೂ ನಗೋದಿಲ್ಲ. ಆ ಬೀದಿಯ ಇಬ್ಬರು ಅಜ್ಜಿಯರು, ಅವರಿಗೂ ಸಕ್ಕರೆ, ಏರಿ ಮೇಲೆ ನಮ್ಮ ಜೊತೆ ಸೇರಿಕೊಳ್ತಾರೆ.

ಇಷ್ಟು ಸಣ್ಣದರಿಂದ ಏನಾಗುತ್ತೆ ಅಂತ ಅನುಮಾನ ಇರೋರಿಗೆ ಎರಡು ಅಧ್ಯಯನ ಹೇಳ್ತೀನಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ಆಯ್ತು, ಅದು 2002ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷ ನಡಿಗೆ, ಇದ್ದ ತೂಕದಲ್ಲಿ ನೂರಕ್ಕೆ ಏಳು ಭಾಗ ಇಳಿಸುವ ಗುರಿ. ಆ ಗುಂಪಿನಲ್ಲಿ ಕಾಯಿಲೆ ನೂರಕ್ಕೆ 58ರಷ್ಟು ಕಡಿಮೆಯಾಯ್ತು. ಎರಡನೆಯದು ನಮ್ಮ ಚೆನ್ನೈನದು. ಡಾ. ಎ. ರಾಮಚಂದ್ರನ್ ಅವರ ತಂಡ ಅಂಥದೇ ಅಂಚಿನಲ್ಲಿದ್ದ 531 ಜನರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿತು. ಮೂರು ವರ್ಷದಲ್ಲಿ ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39 ಜನಕ್ಕೆ. ಇದರಲ್ಲಿ ನನಗೆ ಹಿಡಿಸಿದ್ದು ಏನು ಅಂದರೆ, ಆ ಜನರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೂ ಲಾಭ ಸಿಕ್ಕಿತು. ಹಾಗಾಗಿ ತಿಂಗಳಾದರೂ ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ ಅಂತ ಬಿಟ್ಟುಬಿಡಬೇಡಿ. ಒಳಗೆ ಕೆಲಸ ನಡೀತಿರುತ್ತೆ.

ಅಭ್ಯಾಸ ಎಷ್ಟು ದಿನಕ್ಕೆ ಹತ್ತುತ್ತೆ? 21 ದಿನ ಅಂತ ಎಲ್ಲರೂ ಹೇಳ್ತಾರೆ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರನ್ನು ಗಮನಿಸಿದಾಗ ನಡುಮಟ್ಟದ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟುಹೋಗೋದಿಲ್ಲ ಅಂತಲೂ ಗೊತ್ತಾಯ್ತು. ಹಬ್ಬದಲ್ಲಿ ಒಬ್ಬಟ್ಟು ತಿನ್ನಿ, ಬಾಡೂಟಕ್ಕೆ ಹೋಗಿ. ಮಾರನೆಯ ದಿನ ನಿಮ್ಮ ಅರ್ಧ ಚಮಚಕ್ಕೆ, ನಿಮ್ಮ ಕೆರೆ ಏರಿಗೆ ವಾಪಸ್ ಬನ್ನಿ.

ನನಗೆ 72ರಿಂದ 65ಕ್ಕೆ ಬರೋಕೆ 14 ತಿಂಗಳು ಹಿಡಿಯಿತು. ತಿಂಗಳಿಗೆ ಅರ್ಧ ಕಿಲೋ. ಪುಡಿ ಮಾರೋರು ಕೇಳಿದರೆ ನಗ್ತಾರೆ. ಆದರೆ ಐದು ತಿಂಗಳಿಂದ ಅದು ಮತ್ತೆ ಏರಿಲ್ಲ. 57 ಇನ್ನೂ ದೂರ ಇದೆ, ಅವಸರ ಇಲ್ಲ. ಅಮ್ಮನ ಸಕ್ಕರೆ ಹಿಡಿತಕ್ಕೆ ಬಂದಿದೆ. ಮಾತ್ರೆ ಬಿಟ್ಟಿಲ್ಲ, ಬಿಡಬಾರದು.

ಎರಡು ಎಚ್ಚರಿಕೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟವನ್ನು ದಿಢೀರ್ ಅಂತ ಕಡಿಮೆ ಮಾಡಬೇಡಿ, ಸಕ್ಕರೆ ತೀರಾ ಇಳಿದು ಬಿದ್ದುಹೋಗಬಹುದು. ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕೇಳಿ ಮಾಡಿ. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ಒಣಗಿರುವ ನಮ್ಮ ಕೂಲಿ ತಾಯಂದಿರು, ಇವರಿಗೆ ಇಳಿಸುವ ಮಾತೇ ಬೇಡ. ಇವರಿಗೆ ಇನ್ನೂ ಒಂದು ಮೊಟ್ಟೆ ಹೆಚ್ಚು ಬಡಿಸಿ. ಎರಡನೆಯದು, ದಪ್ಪ ಇರೋರನ್ನು ಡ್ರಮ್ಮು, ಗುಂಡಣ್ಣ ಅಂತ ಕರೆಯೋದನ್ನು ನಿಲ್ಲಿಸಿ. ಮೈ ನೋಡಿ ಹೀಯಾಳಿಸುವುದು ಹೇಗಿರುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರೋರು ಯಾರು?

ಸಂಘಕ್ಕೆ ನನ್ನದು ಮೂರು ಬೇಡಿಕೆ. ಓದುವ ಕೋಣೆಯಲ್ಲಿ ಒಂದು ತೂಕದ ಯಂತ್ರ, ಗೋಡೆಗೆ ಒಂದು ಟೈಲರ್ ಟೇಪು ಇಡಿ. ತಿಂಗಳಿಗೊಮ್ಮೆ ಯಾರು ಬೇಕಾದರೂ ಬಂದು ಅಳೆದುಕೊಳ್ಳಲಿ, ನಂಬರನ್ನು ಗಟ್ಟಿಯಾಗಿ ಕೂಗೋದು ಬೇಡ. ಏಪ್ರಿಲ್ 14ರಂದು ಬಣ್ಣದ ಕೂಲ್‌ಡ್ರಿಂಕ್ಸ್ ಬದಲು ಮಜ್ಜಿಗೆ, ಹೆಸರುಕಾಳು ಕೊಡಿ. ಸಂಜೆ ನಡಿಗೆಗೆ ಗಂಡಸರೂ ಬನ್ನಿ, ಕೆರೆ ಏರಿ ಅಗಲ ಇದೆ.

ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಯಿಲೆ ಇಟ್ಟುಕೊಂಡೇ, ಕಣ್ಣು ಕಾಲು ಸೋಲ್ತಿದ್ದರೂ ರಾತ್ರಿ ಹಗಲು ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಧಮ್ಮ ದೀಕ್ಷೆ ತಗೊಂಡರು. ಎರಡು ತಿಂಗಳು ತುಂಬುವ ಮುಂಚೆ, ಡಿಸೆಂಬರ್ 6ರಂದು ಹೋಗಿಬಿಟ್ಟರು. 65 ವರ್ಷ ಅಷ್ಟೇ. ಇನ್ನೊಂದು ಹತ್ತು ವರ್ಷ ಅವರು ಇದ್ದಿದ್ದರೆ ಅಂತ ನಾವೆಲ್ಲ ಎಷ್ಟು ಸಲ ಅಂದುಕೊಂಡಿದ್ದೀವಿ. ಅವರ ಹತ್ತು ವರ್ಷ ನಮ್ಮ ಕೈಯಲ್ಲಿ ಇರಲಿಲ್ಲ. ನಿಮ್ಮ ಅಪ್ಪ ಅಮ್ಮನ ಹತ್ತು ವರ್ಷ, ನಿಮ್ಮ ಸ್ವಂತ ಹತ್ತು ವರ್ಷ ಸ್ವಲ್ಪಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಈಗ ಕಾರ್ಯಕ್ರಮ ಮುಗಿದಮೇಲೆ ಟೀ ಕೊಡ್ತಾರೆ. ಅರ್ಧ ಚಮಚ ಸಕ್ಕರೆ ಕಡಿಮೆ ಹಾಕಿ ಅಂತ ಮಾಡೋರಿಗೆ ನಾನು ಆಗಲೇ ಹೇಳಿದ್ದೀನಿ. ಕುಡಿದು ನೋಡಿ. ಗೊತ್ತಾದರೆ ನನ್ನನ್ನು ಬೈಯಿರಿ. ಗೊತ್ತಾಗದಿದ್ದರೆ ನಾಳೆ ಮನೆಯಲ್ಲೂ ಹಾಗೇ ಮಾಡಿ.

ಜೈ ಭೀಮ್.